ಕಿಟಕಿ ಕಡೆಯ ದಿಂಬು

ಈರಸಂಗಪ್ಪನವರ ಹೃದಯ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮಾತ್ರೆ ಹೆಚ್ಚಿಸಿದೆವು, ಒತ್ತಡ ಏರಿತು. ಮತ್ತೆ ಹೆಚ್ಚಿಸಿದೆವು, ಮತ್ತೂ ಏರಿತು. ಹುಬ್ಬಳ್ಳಿಯ ನಮ್ಮ ನಿಗಾ ಕೋಣೆಯ ಪರದೆಯಲ್ಲಿ ನೂರಾರು ಹೆಸರುಗಳು ಹಸಿರಾಗಿದ್ದರೆ ಅವರದೊಂದು ಎರಡು ತಿಂಗಳಿಂದ ಕೆಂಪಗೆ ಕೂತಿತ್ತು. ನನಗೆ ಆ ಕೆಂಪು ಕಂಡರೆ ಆಗುವುದಿಲ್ಲ. ನಾನು ಡಾಕ್ಟರ್ ವತ್ಸಲಾ ಮುಧೋಳಕರ. ಹೃದಯದೊಳಗೆ ಕೊಳವೆ ಇಳಿಸುವುದು ನನ್ನ ಕಸುಬು, ಹಟ ಹುಟ್ಟಿನಿಂದ ಬಂದದ್ದು. ಈ ಮನುಷ್ಯನನ್ನು ಹಸಿರು ಮಾಡದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದ್ದೆ.

ಮೊದಲು ಕಾಳಿನ ವಿಷಯ ಹೇಳಿಬಿಡುತ್ತೇನೆ. ಸೋತ ಹೃದಯ ಒಂದೇ ದಿನಕ್ಕೆ ಕೈಕೊಡುವುದಿಲ್ಲ. ರಕ್ತವನ್ನು ಮುಂದಕ್ಕೆ ತಳ್ಳಲಾಗದೆ ಹೋದಾಗ ಅದು ಹಿಂದೆ ಶ್ವಾಸಕೋಶದ ಕಡೆ ನಿಲ್ಲತೊಡಗುತ್ತದೆ, ಅಲ್ಲಿನ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಕಾಲು ಬಾತುಕೊಳ್ಳುವುದು, ಉಸಿರು ಸಿಗದಿರುವುದು ಎಲ್ಲ ಆಮೇಲಿನ ಮಾತು. ಆ ಒತ್ತಡವನ್ನು ಮನೆಯಲ್ಲೇ, ದಿನಾಲೂ ಅಳೆಯುವಂತಾದರೆ? ನಮ್ಮ ಕೇಂದ್ರ ನಿಂತಿದ್ದೇ ಈ ಪ್ರಶ್ನೆಯ ಮೇಲೆ. ತೊಡೆಯ ಸಂದಿನ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳುವಾದ ಕೊಳವೆ ಹಾಯಿಸಿ, ಹೃದಯದ ಬಲಭಾಗ ದಾಟಿಸಿ, ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಸಂವೇದಕವೊಂದನ್ನು, ನಮ್ಮ ಮಾತಿನಲ್ಲಿ ಕಾಳು, ಬಿಟ್ಟು ಬರುತ್ತಿದ್ದೆವು. ಅದಕ್ಕೆ ಬ್ಯಾಟರಿ ಇಲ್ಲ, ವೈರಿಲ್ಲ, ಹೆಸರೂ ಇಲ್ಲ. ಮನೆಯಲ್ಲಿ ನಾವು ಕೊಟ್ಟ ಉದ್ದನೆಯ ದಿಂಬಿನ ಮೇಲೆ ಮುಂಜಾನೆ ಬೆನ್ನು ಹಚ್ಚಿ ಮಲಗಿದರೆ ದಿಂಬು ಅಲೆಗಳನ್ನು ಕಳಿಸುತ್ತದೆ, ಎದೆಯೊಳಗಿನ ಕಾಳು ಮಿಡಿದು ಉತ್ತರ ಕೊಡುತ್ತದೆ. ಯಾವ ದಿಂಬಿನಿಂದ ಉತ್ತರ ಬಂತೋ ಆ ದಿಂಬಿನ ಹೆಸರಿಗೆ ಅದು ಜಮಾ ಆಗುತ್ತದೆ. ನಿಗಾ ಕೋಣೆಯ ಪ್ರೋಗ್ರಾಂ ಅದನ್ನು ಓದಿ, ಮನೆಯಲ್ಲಿರುವ ಮಾತ್ರೆಯ ಡಬ್ಬಿಗೆ ಆ ದಿನ ಎಷ್ಟು ಕೊಡಬೇಕೆಂದು ಹೇಳುತ್ತದೆ. ಡಬ್ಬಿ ಅಷ್ಟನ್ನೇ ಉದುರಿಸುತ್ತದೆ.

ಜನ ಇದಕ್ಕೆ ಬೇಗ ಹೊಂದಿಕೊಂಡರು, ಬೇಗ ಬೈಯಲೂ ಕಲಿತರು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ಹಾಗೆ ಉಪ್ಪು ತಿಂದವನ ಒತ್ತಡ ಮರುದಿನವೇ ಪರದೆಗೆ ಬರುತ್ತಿತ್ತು. ಮದುವೆ ಊಟ ಮುಗಿಸಿ ಬಂದವರಿಗೆ ನಮ್ಮ ಹುಡುಗಿಯರು ಫೋನ್ ಮಾಡಿ "ಆರಾಮ ಅದೀರೇನ್ರಿ ಅಜ್ಜಾರ?" ಎಂದರೆ ಸಾಕು, ಅತ್ತಲಿಂದ "ನಾ ಹಪ್ಪಳಾ ಮುಟ್ಟೇ ಇಲ್ಲವಾ" ಎಂಬ ಉತ್ತರ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮಂದಿ. ಆದ್ದರಿಂದ ಈರಸಂಗಪ್ಪನವರ ವಿಷಯದಲ್ಲೂ ನನ್ನ ಮೊದಲ ಗುಮಾನಿ ಉಪ್ಪಿನ ಮೇಲೆಯೇ ಹೋಯಿತು. ಅದನ್ನು ಕಣ್ಣಾರೆ ನೋಡೋಣವೆಂದು ಮಧ್ಯಾಹ್ನ ಊಟದ ಹೊತ್ತಿಗೇ ಅವರ ಮನೆಗೆ ಹೋದೆ.

ಮನೆಯೆಂದರೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಒಂದು ಖಾನಾವಳಿ. ಮುಂದೆ ಊಟದ ಸಾಲು, ಹಿಂದೆ ವಾಸ. ಈರಸಂಗಪ್ಪ ಲಾರಿ ಓಡಿಸುತ್ತಿದ್ದವರು, ಹೃದಯಾಘಾತವಾದ ಮೇಲೆ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುತ್ತಿದ್ದರು. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವರು ಅವರ ಹೆಂಡತಿ ನೀಲಗಂಗವ್ವ. ಸಣ್ಣವರಿದ್ದಾಗ ಬಂದ ಕೀಲುಜ್ವರದಿಂದ ಅವರ ಹೃದಯವೂ ಸೋತಿತ್ತು, ಅವರಿಗೂ ನಾನೇ ಕಾಳು ಹಾಕಿದ್ದೆ. ಆದರೆ ಅವರ ಹೆಸರು ಹಸಿರು ಅಂದರೆ ಅಪ್ಪಟ ಹಸಿರು. ಡಬ್ಬಿ ಅವರ ಮಾತ್ರೆಗಳನ್ನು ಒಂದೊಂದಾಗಿ ನಿಲ್ಲಿಸಿಬಿಟ್ಟಿತ್ತು.

"ಬಾಯಾರ, ನನ್ನ ಕೈಯಾರ ಒಂದ ಹರಳ ಉಪ್ಪು ಹಾಕಿಲ್ರಿ," ಎಂದು ನೀಲಗಂಗವ್ವ ನಾನು ಕೇಳುವ ಮೊದಲೇ ಹೇಳಿದರು. "ಇವ್ರ ಪಲ್ಯೆ ಬ್ಯಾರೆ ಗಡಿಗ್ಯಾಗ ಮಾಡ್ತೇನಿ. ನಾನೂ ಅದನ್ನ ಉಣ್ತೇನಿ."

ಈರಸಂಗಪ್ಪನವರ ಅಕ್ಕ ಬಾಳವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ತಮ್ಮನ ಆರೈಕೆಗೆಂದು ನವಲಗುಂದದಿಂದ ಬಂದು ಎರಡು ತಿಂಗಳ ಮೇಲಾಗಿತ್ತು. "ನೀವ ಹೇಳ್ರಿ ಬಾಯಾರ. ಒಂದ ಒಲಿ, ಒಂದ ಕೈ. ಈಕಿ ಪಾಸು, ನನ್ನ ತಮ್ಮ ನಾಪಾಸು. ಹಂಗಾರ ಅವನ ತಾಟಿಗೆ ಏನೋ ಬೀಳಾಕತ್ತೈತಿ, ಹೌದಿಲ್ರಿ? ಗಲ್ಲೆ ತನ್ನ ಕೈಗೆ ಬರ್ಲಿ ಅಂತ ಇರಬೇಕು."

ನೀಲಗಂಗವ್ವ ರೊಟ್ಟಿಯ ಮೇಲಿನ ಕೈ ನಿಲ್ಲಿಸಲಿಲ್ಲ. ಈರಸಂಗಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ನಾನು ತಾಟು ನೋಡಿದೆ: ಬರೀ ಅನ್ನ, ನೀರು ಮಜ್ಜಿಗೆ. ಅಕ್ಕ ಅಂದಷ್ಟೇ ಬೇರೆ ಒಲೆ ಹೂಡಿ ಮಾಡಿಕೊಟ್ಟದ್ದು. ಹೆಂಡತಿ ಬಡಿದ ರೊಟ್ಟಿ ಊರಿಗೆಲ್ಲ ಬೇಕಾಗಿತ್ತು, ಗಂಡನ ತಾಟಿನಲ್ಲಿ ಇರಲಿಲ್ಲ. ನನಗೆ ಕೆಡುಕೆನಿಸಿತು. ಆದರೂ ಬಾಳವ್ವನ ಲೆಕ್ಕ ತಪ್ಪೆಂದು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ, ನನ್ನ ತಲೆಯಲ್ಲೂ ಅದೇ ಲೆಕ್ಕ ಓಡುತ್ತಿತ್ತು.

ಹೊರಡುವಾಗ ನೀಲಗಂಗವ್ವ ಬಾಗಿಲ ತನಕ ಬಂದರು. ಅಷ್ಟಕ್ಕೇ ಚೌಕಟ್ಟು ಹಿಡಿದು ನಿಂತು ಉಸಿರು ಎಳೆದುಕೊಂಡರು.

"ಸುಸ್ತ ಆಗ್ತದೇನ್ರಿ?" ಎಂದೆ.

"ಒಲಿ ಮುಂದ ಕುಂತವ್ರಿಗೆ ಸುಸ್ತ ಇರೂದಲ್ರಿ. ನಂದೇನ ಬಿಡ್ರಿ, ದಿಂಬು ಛಲೋ ಐತಿ ಅಂತೈತಲ್ಲ. ಇವ್ರನ್ನ ಉಳಸ್ರಿ ಬಾಯಾರ. ಇಲ್ಲಂದ್ರ ಈ ಮಾತು ನನ್ನ ಸಾಯೂತನಕಾ ಬಿಡಂಗಿಲ್ಲ."

ಅದರ ಮುಂದಿನ ವಾರವೇ ಈರಸಂಗಪ್ಪ ಗಲ್ಲೆಯಿಂದ ಏಳುವಾಗ ಕಣ್ಣು ಕತ್ತಲೆ ಬಂದು ಬಿದ್ದರು. ಇನ್ನು ಮಾತ್ರೆಯಿಂದ ಆಗುವುದಲ್ಲ ಎಂದು ಪ್ರೋಗ್ರಾಂ ಹೇಳಿತು, ನಾನೂ ಒಪ್ಪಿದೆ. ಉಳಿದದ್ದು ಒಂದೇ ದಾರಿ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಗೆ ಸಣ್ಣ ಕಿಂಡಿ ಕೊರೆದು, ಒತ್ತಡ ನೋಡಿ ತಾನೇ ತೆರೆದು ತಾನೇ ಮುಚ್ಚುವ ಒಂದು ಪುಟ್ಟ ಕದ ಕೂರಿಸುವುದು. ಎದೆ ಸೀಳಬೇಕಾಗಿಲ್ಲ, ಎಲ್ಲ ಕ್ಯಾಥೆಟರ್ ಮೂಲಕವೇ. ಆದರೆ ಒಮ್ಮೆ ಕೊರೆದ ಕಿಂಡಿಯನ್ನು ಕೊರೆದಿಲ್ಲ ಎನ್ನಲು ಬರುವುದಿಲ್ಲ. ಒತ್ತಡವೇ ಇಲ್ಲದವನಿಗೆ ಕೊರೆದರೆ ಇದ್ದ ಹೃದಯವೂ ಕೆಡುತ್ತದೆ.

ಕ್ಯಾಥ್‌ಲ್ಯಾಬಿನ ಮೇಜಿನ ಮೇಲೆ ಈರಸಂಗಪ್ಪ ಎಚ್ಚರವಾಗಿಯೇ ಮಲಗಿದ್ದರು. ಕೊಳವೆ ಹೋಗುವ ಜಾಗವನ್ನಷ್ಟೇ ಮರಗಟ್ಟಿಸಿದ್ದೆವು. ಅವರ ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. "ಮೀನಖಂಡ ಹಿಡೀತಾವ್ರಿ," ಎಂದರು. ನಾನು ಕೊಳವೆಯನ್ನು ಮೆಲ್ಲಗೆ ಮುಂದೆ ಸರಿಸಿದೆ. ಪ್ರೋಗ್ರಾಂ ಕೊಟ್ಟ ಕ್ರಮದಲ್ಲಿ ಒತ್ತಡ ಅಳೆಯುವ ಹಂತವೇ ಇರಲಿಲ್ಲ. ದಿಂಬು ದಿನಾ ಅಳೆಯುವಾಗ ಮತ್ತೇಕೆ ಎಂದು ತೆಗೆದುಹಾಕಿದ್ದರು. ಅಷ್ಟು ಒಳಗೆ ಹೋಗಿ ಅಳೆಯದೆ ಬರುವುದೆಂದರೆ ಬಾವಿಗೆ ಇಳಿದು ನೀರು ನೋಡದೆ ಬಂದಂತೆ. ನಾನು ಅಳೆದೆ.

ಹದಿಮೂರು.

ಇಪ್ಪತ್ತರೊಳಗಿದ್ದರೆ ಆರೋಗ್ಯ; ಮುಂಜಾನೆ ದಿಂಬು ಹೇಳಿದ್ದು ಮೂವತ್ತಾರು. ಕೊಳವೆ ತೊಳೆದು ಮತ್ತೆ ಅಳೆದೆ. ಮತ್ತೆ ಹದಿಮೂರೇ ಬಂತು.

ನಿಗಾ ಕೋಣೆಯಿಂದ ಅಲ್ತಾಫ್ ನದಾಫ್ ಧ್ವನಿ ಕೇಳಿಸಿತು. ಈ ದಿಂಬುಗಳನ್ನು ಕಟ್ಟಿದ ಎಂಜಿನಿಯರ್ ಅವರೇ; ನಮ್ಮಜ್ಜ ಹತ್ತಿ ತುಂಬಿ ಗಾದಿ ಹೊಲೀತಿದ್ದ, ನಾ ವೈರ್ ತುಂಬಿ ಹೊಲೀತೇನಿ ಎಂದು ನಗುವವರು. ಈಗ ನಗುತ್ತಿರಲಿಲ್ಲ. "ಮೇಡಂ, ಕಾಳು ಕೆಟ್ಟೈತಿ ಅಂತ ಪ್ರೋಗ್ರಾಂ ಹೇಳಾಕತ್ತೈತಿ. ಸರಿಪಡಿಸು ಅಂತ ಗುಂಡಿ ಬಂದೈತಿ. ಒತ್ತಿದ್ರ ನಾಳಿಂದ ಈ ದಿಂಬಿನ ಲೆಕ್ಕದಾಗ ಇಪ್ಪತ್ಮೂರು ಕಳದು ತೋರಸ್ತೈತಿ. ಒತ್ಲೇನ್ರಿ?"

"ಬ್ಯಾಡ. ಕೈ ತಗೀರಿ."

"ಮೇಡಂ, ಕಾಳು ಒಮ್ಮೊಮ್ಮೆ—"

"ಇಷ್ಟು ಕೆಡೂದಿಲ್ಲ ಅಲ್ತಾಫ್. ಯಾಕಂತ ಗೊತ್ತಾಗೂತನಕಾ ಗುಂಡಿ ಮುಟ್ಟಬ್ಯಾಡ್ರಿ."

ಲ್ಯಾಬಿನ ಬಿಡಿ ದಿಂಬೊಂದನ್ನು ತರಿಸಿ ಅವರ ಬೆನ್ನ ಕೆಳಗೆ ತೂರಿಸಿದೆ. ಅದೂ ಹದಿಮೂರೇ ಅಂದಿತು. ಕಾಳು ಸರಿಯಾಗಿತ್ತು, ಕೊಳವೆ ಸರಿಯಾಗಿತ್ತು. ಈ ಮನುಷ್ಯನ ಒತ್ತಡ ಬಹಳ ದಿನಗಳಿಂದ ಚೆನ್ನಾಗಿಯೇ ಇತ್ತು. ನಾವು ಮಾತ್ರೆ ಕೊಟ್ಟು ಕೊಟ್ಟು ಮೈಯ ನೀರೆಲ್ಲ ಹಿಂಡಿ ಹಾಕಿದ್ದೆವು. ಹಾಗಾದರೆ ಮುಂಜಾನೆ ಆ ದಿಂಬು ಯಾರ ಎದೆಯನ್ನು ಕೇಳಿತ್ತು?

"ಈರಸಂಗಪ್ಪ ಅವರ, ನಿಮ್ಮ ದಿಂಬು ಅದಲುಬದಲು ಆಗ್ಯಾವೇನ್ರಿ?"

"ಇಲ್ಲ ತಗೀರಿ. ಜೋಡಸಾಕ ಬಂದವ್ರು ಹೇಳಿ ಹೋಗಿದ್ರಲ್ಲ, ಅದಲುಬದಲು ಮಾಡಬ್ಯಾಡ್ರಿ ಅಂತ. ಕಿಟಕಿ ಕಡೇದು ಕಿಟಕಿ ಕಡೇನ ಐತಿ, ಬಾಗಲ ಕಡೇದು ಬಾಗಲ ಕಡೇನ ಐತಿ."

"ನೀವು ಕಿಟಕಿ ಕಡೆ ಮಲಗ್ತೀರಿ, ಹೌದಲ್ಲ?"

"ಮೊದಲ ಮಲಗ್ತಿದ್ದೆ. ಈಗ ಬಾಗಲ ಕಡೆ."

"ಯಾಕ?"

"ತಲಿ ತಿರಗಿಸೇವಲ್ರಿ. ನಿಮ್ಮವ್ರು ಬಂದಾಗ ಪ್ಲಗ್ಗು ಉತ್ತರದ ಗ್ವಾಡಿಗಿತ್ತು ಅಂತ ದಿಂಬು ಅಲ್ಲೇ ಜೋಡಿಸಿದ್ರು. ದವಾಖಾನಿಯವ್ರು ಇಟ್ಟದ್ದು ಅಂತ ಸುಮ್ಮನ ಮಲಗಿದ್ವಿ. ಅಕ್ಕ ಬಂದ ದಿನಾನ ಬೈದ್ಲು, ಉತ್ತರಕ್ಕ ತಲಿ ಹಾಕಿ ಮಲಗ್ತಾರೇನ ಯಾರರ ಅಂತ. ವೈರು ಉದ್ದ ಮಾಡಿಸಿ ದಿಂಬ ಎರಡೂ ಹಂಗಽ ದಕ್ಷಿಣದ ಕಡೆ ಸರಿಸಿದ್ಲು. ಹೇಂತಿ ಎಡಕ್ಕ ಮಲಗಬೇಕಲ್ರಿ, ತಲಿ ತಿರಗಿಸಿದ ಮ್ಯಾಲೆ ಆಕಿ ಕಿಟಕಿ ಕಡೆ ಬಂದ್ಲು, ನಾ ಬಾಗಲ ಕಡೆ ಹೋದೆ. ದಿಂಬಿನ ಜಾಗಾ ಮಾತ್ರ ಬದಲಿ ಮಾಡಿಲ್ರಿ."

ನಾವು ಹೇಳಿದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ತಪ್ಪಿದ್ದು ನಾವು. ದಿಂಬು ಜೋಡಿಸುವಾಗ ಯಾರು ಯಾವ ಕಡೆ ಮಲಗುತ್ತೀರಿ ಎಂದು ಕೇಳಿ, ಕಿಟಕಿ ಕಡೆಯದಕ್ಕೆ ಗಂಡನ ಹೆಸರು, ಬಾಗಿಲ ಕಡೆಯದಕ್ಕೆ ಹೆಂಡತಿಯ ಹೆಸರು ಕೊಟ್ಟು ಬಂದಿದ್ದೆವು. ತಲೆದಿಸೆ ತಿರುಗಿದರೆ ಎಡಬಲ ತಿರುಗುತ್ತದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಾನೂ ಮನೆಯಲ್ಲಿ ದಕ್ಷಿಣಕ್ಕೇ ತಲೆ ಹಾಕುವವಳು, ಉತ್ತರಕ್ಕೆ ಹಾಕು ಎಂದರೆ ನಿದ್ದೆ ಬರುವುದಿಲ್ಲ. ಆಸ್ಪತ್ರೆಗೆ ಬಂದು ಏಪ್ರನ್ ತೊಟ್ಟ ಕೂಡಲೇ ಅದೆಲ್ಲ ಮರೆತುಹೋಗುತ್ತದೆ.

"ಅಲ್ತಾಫ್, ಗಂಡ ಹೆಂಡತಿ ಇಬ್ಬರ ಗೆರೆ ಒಂದರ ಮ್ಯಾಲೊಂದು ಇಡ್ರಿ."

ಎರಡು ತಿಂಗಳಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಒಬ್ಬೊಬ್ಬರ ಗೆರೆಯನ್ನು ಒಬ್ಬೊಬ್ಬರಾಗಿ ನೋಡುವುದೇ ನಮ್ಮ ಪದ್ಧತಿ. ಅಲ್ತಾಫ್ ಎರಡನ್ನೂ ಒಂದೇ ಪರದೆಗೆ ತಂದರು. ಆಮೇಲೆ, "ಒಂದೇ ದಿನಾ ಎರಡೂ ಅದಲುಬದಲು ಆಗ್ಯಾವ್ರಿ ಮೇಡಂ," ಎಂದರು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ ಆಗೈತಲ್ರಿ."

ಎಮ್ಮೆಗೆ ಬರೆ ಎಳೆದದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಜ್ವರ ಬಂದ ಎತ್ತಿಗೆ ಎರಡು ತಿಂಗಳಿಂದ ಔಷಧವೇ ಇರಲಿಲ್ಲ. ಆ ಮೂವತ್ತಾರು ನೀಲಗಂಗವ್ವನದು. ಗುಂಡಿ ಒತ್ತಿದ್ದರೆ ನಾಳೆಯಿಂದ ಅದೂ ಕಾಣುತ್ತಿರಲಿಲ್ಲ.

ಈರಸಂಗಪ್ಪನವರ ಕೊಳವೆ ತೆಗೆದು, ಸಲೈನ್ ಹಚ್ಚಲು ಹೇಳಿ, ಸೀಸದ ಏಪ್ರನ್ ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ಹೊರಗೆ ಓಡಿದೆ. ಕಾಯುವವರ ಹಾಲಿನಲ್ಲಿ ಬಾಳವ್ವ ಬಳಗದವರ ನಡುವೆ ಊಟದ ಡಬ್ಬಿ ಹಿಡಿದು ಕೂತಿದ್ದರು. ನೀಲಗಂಗವ್ವ ಅವರ ಜೊತೆ ಇರಲಿಲ್ಲ. ಹುಡುಕಿದರೆ ಮೆಟ್ಟಿಲ ಹತ್ತಿರ, ಒಬ್ಬರೇ, ಎರಡೂ ಕೈ ಮೊಣಕಾಲ ಮೇಲೆ ಊರಿ ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ನನ್ನನ್ನು ಕಂಡು ಏಳಲು ಹೋದರು, ಆಗಲಿಲ್ಲ.

"ಹೋದ್ರೇನ್ರಿ?" ಎಂದರು. ಗಂಡನ ಬಗ್ಗೆ ಕೇಳಿದ್ದು.

"ಅವರು ಗಟ್ಟಿ ಅದಾರ. ನಿಮ್ಮ ಕಾಲು ತೋರಸ್ರಿ."

ಸೀರೆಯ ಅಂಚು ಸರಿಸಿ ಹೆಬ್ಬೆರಳಿನಿಂದ ಒತ್ತಿದೆ. ಗುಳಿ ಬಿದ್ದು ಹಾಗೇ ಉಳಿಯಿತು. "ಮಲಗಿದ್ರ ಉಸಿರು ಸಿಗ್ತದೇನು?"

"ಇಲ್ರಿ. ಎದಿ ಮ್ಯಾಲೆ ಬೀಸೂಕಲ್ಲ ಇಟ್ಟಂಗ ಆಗ್ತೈತಿ. ಗ್ವಾಡಿಗೆ ಆತು ಕುಂತಽ ಇರ್ತೇನಿ, ದಿಂಬು ನೋಡೂ ಹೊತ್ತಿಗೆ ಅಷ್ಟ ಮಲಗ್ತೇನಿ."

"ಯಾರಿಗೂ ಯಾಕ ಹೇಳ್ಲಿಲ್ಲ?"

"ದಿಂಬಽ ನಾ ಛಲೋ ಅದೇನಿ ಅಂದ ಮ್ಯಾಲೆ ನನ್ನ ಮಾತು ಯಾರ ಕೇಳ್ತಾರ್ರಿ? ಮ್ಯಾಲೆ ಸೋಗು ಅಂತಿದ್ರು."

ಗಂಡ ಇಳಿದ ಮೇಜಿನ ಮೇಲೆ ಹೆಂಡತಿಯನ್ನು ಏರಿಸಿದೆವು. ಮಲಗಿಸಲು ಬರುವಂತಿರಲಿಲ್ಲ, ತಲೆಯ ಕಡೆ ಎತ್ತರಿಸಿ, ಆಮ್ಲಜನಕ ಹಾಕಿ, ಕುತ್ತಿಗೆಯ ರಕ್ತನಾಳದಿಂದ ಕೊಳವೆ ಇಳಿಸಿದೆ. ಪರದೆಯ ಮೇಲೆ ಮೂವತ್ತೇಳು. ದಿಂಬು ಒಂದು ದಿನವೂ ಸುಳ್ಳು ಹೇಳಿರಲಿಲ್ಲ, ಹೇಳಿದ್ದನ್ನು ನಾವು ಬೇರೆಯವರ ಹೆಸರಿಗೆ ಹಾಕಿಕೊಂಡಿದ್ದೆವು. ನೀರಿಳಿಸುವ ಔಷಧವನ್ನು ನೇರ ರಕ್ತಕ್ಕೆ ಕೊಟ್ಟೆ. ಮೊದಲು ಏನೂ ಆಗಲಿಲ್ಲ. ಮೂವತ್ತೆಂಟು ಆಯಿತು. ನರ್ಸ್ ನನ್ನ ಮುಖ ನೋಡಿದಳು. ಈ ಹೆಂಗಸು ನನ್ನ ಕೈಯಲ್ಲಿ, ನನ್ನ ಯಂತ್ರದ ದೆಸೆಯಿಂದ ಹೋಗುವುದಾದರೆ ನಾನು ನಾಳೆ ಈ ಬಾಗಿಲು ದಾಟುವವಳಲ್ಲ ಎಂದುಕೊಂಡೆ. ಎರಡನೇ ಔಷಧ ಏರಿಸಿದೆ, ರಕ್ತನಾಳ ಸಡಿಲಿಸುವುದು. ಅಂಕಿ ನಿಂತಿತು. ಆಮೇಲೆ ಮೂವತ್ತೈದು. ಮೂವತ್ತೊಂದು. ಇಪ್ಪತ್ತಾರಕ್ಕೆ ಬರುವ ಹೊತ್ತಿಗೆ ತುಟಿಗೆ ಬಣ್ಣ ಬಂತು, ಮಾತೂ ಬಂತು.

"ಬಾಯಾರ, ಏನಾಗಿತ್ರಿ?"

ಎಲ್ಲ ಹೇಳಿದೆ. ಹಾಸಿಗೆ ತಿರುಗಿದ್ದು, ದಿಂಬು ಬದಲಾದದ್ದು, ಅವರ ಕಾಯಿಲೆ ಗಂಡನ ಹೆಸರಿಗೆ ಹೋದದ್ದು. ಕಣ್ಣು ಮುಚ್ಚಿ ಕೇಳಿದರು. ತಾನು ಬದುಕುತ್ತೇನೋ ಇಲ್ಲವೋ ಎಂದು ಕೇಳಲಿಲ್ಲ.

"ಹಂಗಾರ ನಾ ಉಪ್ಪು ಹಾಕಿದ್ದಿಲ್ಲ ಅಂತ ಖರೇ ಆತಲ್ರಿ?"

"ಖರೇ ಆತು."

"ಅದನ್ನ ಹೊರಗ ಹೋಗಿ ಹೇಳ್ರಿ. ಎಲ್ಲಾರ ಮುಂದ ಹೇಳ್ರಿ. ನಾ ಇಲ್ಲೇ ಇರ್ತೇನಿ, ಎಲ್ಲೂ ಹೋಗಂಗಿಲ್ಲ."

ಹೋಗಿ ಹೇಳಿದೆ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದೆ. ಬಾಳವ್ವ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, "ನಿಮ್ಮ ಮಿಶಿನ್ ಹೇಳಿದ್ದನ್ನ ನಾ ನಂಬಿದೆ," ಎಂದರು. "ಮೊದಲ ನಂಬಿದವ್ರು ನೀವಽ ಅಲ್ಲೇನ್ರಿ?"

ಅಂದೇ ನಿಗಾ ಕೋಣೆಯವರೆಲ್ಲ ಫೋನ್ ಹಿಡಿದು ಕೂತೆವು. ಜೋಡಿ ದಿಂಬು ಇದ್ದ ಒಂದು ಮನೆಯನ್ನೂ ಬಿಡಲಿಲ್ಲ. ಹಪ್ಪಳದ ಮಾತಿಗೆ ಸಿದ್ಧವಾಗಿದ್ದವರಿಗೆ "ಯಾವ ದಿಕ್ಕಿಗೆ ತಲಿ ಹಾಕಿ ಮಲಗ್ತೀರಿ?" ಎಂಬ ಪ್ರಶ್ನೆ ಬಂತು. ಕೆಲವರು ಇದು ವಾಸ್ತುವಿನವರ ಫೋನೆಂದು ಇಟ್ಟೇಬಿಟ್ಟರು. ನಾವು ಉತ್ತರಕ್ಕೆ ಜೋಡಿಸಿ ಬಂದ ಮನೆಗಳಲ್ಲಿ ಒಂದೇ ಒಂದರಲ್ಲೂ ಉತ್ತರಕ್ಕೆ ತಲೆ ಉಳಿದಿರಲಿಲ್ಲ. ಕೆಲವರು ಮಂಚವನ್ನೇ ಇಡಿಯಾಗಿ ತಿರುಗಿಸಿದ್ದರು, ಅವರು ಬಚಾವಾಗಿದ್ದರು. ದಿಂಬು ಮಾತ್ರ ಸರಿಸಿದವರ ಡಬ್ಬಿಗಳನ್ನು ಅಲ್ಲಲ್ಲೇ ನಿಲ್ಲಿಸಿದೆವು. ದಿಂಬು ಸರಿಸಬಾರದೆಂದು ಸೂಚನೆ ಹೊರಡಿಸಿದರೆ ಸಾಕಲ್ಲ ಎಂದು ಮೇಲಿನವರು ಅಂದರು. ಜನ ಹೇಗೆ ಮಲಗುತ್ತಾರೋ ಹಾಗೆ ಯಂತ್ರ ಕಲಿಯಬೇಕು, ಅಲ್ಲಿಯ ತನಕ ಹೊಸ ದಿಂಬು ಯಾರ ಮನೆಗೂ ಹೋಗುವುದಿಲ್ಲ ಎಂದು ನಾನು ಅಂದೆ. ಅಲ್ತಾಫ್ ಊಟ ನಿದ್ದೆ ಬಿಟ್ಟು ಕೂತರು. ಒಂದೊಂದು ಕಾಳು ಮಿಡಿಯುವ ರೀತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಅದನ್ನು ಹಿಡಿದು ಕಾಳಿನ ಗುರುತು ಹೇಳುವಂತೆ ದಿಂಬಿಗೆ ಕಲಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಕೆಲಸ ಮಾಡತೊಡಗಿತು. ಆ ಹೊತ್ತಿಗೆ ನೀಲಗಂಗವ್ವನ ಹೃದಯದ ಗೋಡೆಯಲ್ಲಿ ಕದ ಕೂರಿಸಿಯೂ ಆಗಿತ್ತು.

ಹೊಸ ದಿಂಬುಗಳನ್ನು ಅವರ ಮನೆಗೆ ನಾನೇ ತೆಗೆದುಕೊಂಡು ಹೋದೆ, ಅಲ್ತಾಫ್ ಜೊತೆಗಿದ್ದರು. ಬಾಳವ್ವ ಊರಿಗೆ ಹೋಗಿದ್ದರು. ಈರಸಂಗಪ್ಪ ಮೈ ಕೈ ತುಂಬಿಕೊಂಡಿದ್ದರು. ನೀಲಗಂಗವ್ವ ಮುಂದೆ ನಡೆದು ಮಲಗುವ ಕೋಣೆ ದಾಟಿ, ಹಿಟ್ಟಿನ ಚೀಲಗಳಿದ್ದ ಪಕ್ಕದ ಸಣ್ಣ ಕೋಣೆಗೆ ನಮ್ಮನ್ನು ಕರೆದೊಯ್ದರು. ಅಲ್ಲಿ ಒಬ್ಬರ ಹಾಸಿಗೆಯಿತ್ತು.

"ನಂದು ಇಲ್ಲಿ ಜೋಡಸ್ರಿ," ಎಂದರು.

ಅಲ್ತಾಫ್ ಗಲಿಬಿಲಿಗೊಂಡರು. "ಅದರ ಅಂಜಿಕಿ ಇನ್ನ ಇಲ್ರಿ ಅವ್ವಾರ. ಯಾರ ಯಾವ ಕಡೆ ಮಲಗಿದ್ರೂ ದಿಂಬು ಗುರ್ತ ಹಿಡೀತೈತಿ. ಮೊದಲಿನಂಗ ಒಂದ ಕೋಣ್ಯಾಗ ಇರಬಹುದು."

"ದಿಂಬಿಗೆ ನನ್ನ ಗುರ್ತ ಸಿಕ್ತಲ್ಲ, ಛಲೋ ಆತು," ಎಂದರು ನೀಲಗಂಗವ್ವ. ದನಿ ಏರಿಸಲಿಲ್ಲ. "ಇವ್ರಿಗೆ ಮೂವತ್ತ ವರ್ಷದಾಗ ಸಿಗಲಿಲ್ಲ."

ಈರಸಂಗಪ್ಪ ಬಾಗಿಲಲ್ಲೇ ಇದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಅವತ್ತು ಈ ಮನೆಯಲ್ಲಿ ತಾಟು ನೋಡಿ, ಆಕೆಯ ಉಸಿರು ನೋಡಿ, ಪರದೆಯನ್ನು ನಂಬಿ ಎದ್ದು ಹೋದವಳು ನಾನೂ ಒಬ್ಬಳು. ಈರಸಂಗಪ್ಪ ನನ್ನ ಕೈಯಲ್ಲಿದ್ದ ಹೊಸ ದಿಂಬನ್ನು ತೆಗೆದುಕೊಂಡು ಆ ಹಾಸಿಗೆಯ ಹತ್ತಿರ ಹೋದರು.

"ಯಾವ ಕಡೆ ಇಡ್ಲಿ?" ಎಂದು ಹೆಂಡತಿಯನ್ನು ಕೇಳಿದರು.

ಆಕೆ ಅವರ ಕೈಯಿಂದ ದಿಂಬು ಇಸಿದುಕೊಂಡು ತನಗೆ ಬೇಕಾದ ಕಡೆ ತಾನೇ ಇಟ್ಟುಕೊಂಡರು. ನಾನು ಅಲ್ತಾಫ್‌ಗೆ ವೈರನ್ನು ಆ ಕೋಣೆಗೆ ಎಳೆಯಲು ಹೇಳಿದೆ.